ಸೋರೆಬುರುಡೆಯ ರಾಜಕುಮಾರಿಗೆ ಎಷ್ಟು ವಯಸ್ಸು?

ಸೀರೆಗೆ ಗಂಜಿ ಹಾಕುವಾಗೆಲ್ಲ ದೊಡ್ಡಬಳ್ಳಾಪುರದ, ಗಂಜಿ ವಾಸನೆಯ ನಮ್ಮ ಮಗ್ಗದ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ. ಮರುದಿನ ನನ್ನನ್ನು ನೋಡಲು ಗಂಡಿನವರು ಬರುವವರಿದ್ದರು. ಅಪ್ಪ ನೇಯುತ್ತಿದ್ದರು. ನಾನೂ ತಂಗಿಯೂ ಕಂಡಿಕೆಗೆ ನೂಲು ಸುತ್ತುತ್ತ, ಅಜ್ಜಿಯ ಕಥೆಯಲ್ಲಿ ಸೋರೆಬುರುಡೆಯೊಳಗಿದ್ದ ರಾಜಕುಮಾರಿಯ ವಯಸ್ಸೆಷ್ಟೆಂದು ಜಗಳವಾಡುತ್ತಿದ್ದೆವು.

"ನೂರು," ಎಂದಳು ತಂಗಿ.

"ಹನ್ನೆರಡು ಕಣೇ, ಮದುವೆ ವಯಸ್ಸು," ಎಂದಳು ಅಜ್ಜಿ.

"ಸುಳ್ಳು! ರಾಕ್ಷಸನ್ನ ಕಚ್ಚಿದಾಗ ಅವಳ ಹಾಲುಹಲ್ಲು ಬಿತ್ತು ಅಂತ ನೀನೇ ಹೇಳ್ದೆ. ಹಾಲುಹಲ್ಲು ಬೀಳೋಳಿಗೆ ಎಂಥಾ ಮದುವೆ?" ಎಂದೆ ನಾನು.

"ಬಾಯಿ ನೋಡು ಇವಳದ್ದು! ಕಥೆ ನಂದು, ವಯಸ್ಸೂ ನಾನೇ ಹೇಳ್ತೀನಿ."

ನಾನು ಬಾಯಿ ತೆರೆದು, ಅಲುಗುತ್ತಿದ್ದ ನನ್ನ ದವಡೆಹಲ್ಲನ್ನು ಬೆರಳಿನಿಂದ ಆಡಿಸಿ ತೋರಿಸಿದೆ. "ನಂದಂತೂ ಇನ್ನೂ ಬಿದ್ದೇ ಇಲ್ಲ!"

ಮಗ್ಗದ ಸದ್ದು ನಿಂತಿತು.

"ಅವ್ವಾ, ನಾಳೆ ಬರೋದು ಬೇಡ ಅಂತ ಅವರಿಗೆ ಹೇಳ್ಕಳಿಸ್ತೀನಿ," ಎಂದರು ಅಪ್ಪ.

ಹಲ್ಲು ಬಿದ್ದಾಗ ಎಲ್ಲರಂತೆ ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆಯಲಿಲ್ಲ. ದೇವರ ಗೂಡಿನಲ್ಲಿಟ್ಟು ಕೈಮುಗಿದೆ.