ದೂರದ ನೋಟ

ಐದು ಗಂಟೆಯೊಳಗೆ ಹೆಂಡತಿಯ ಸಹಿ ಬೇಕಿತ್ತು. ಕನ್ನಡಕದಂಗಡಿಯವನು ಪ್ರಿಂಟ್ ತೆಗೆದ ಹಾಳೆ ಹಿಡಿದು, ಅಂಗಡಿಯ ಹಿಂದೆಯೇ ಇದ್ದ ಅಡುಗೆಮನೆಗೆ ಓಡಿದ. ಅವಳು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಲೇ, ಮಾರಾಟ ಆಯ್ತು ಕಣೇ! ನನ್ನ ವಿಡಿಯೊ!"

"ಯಾರಪ್ಪ ಆ ಪುಣ್ಯಾತ್ಮ?" ಎಂದಳು ಅವಳು, ಕತ್ತೆತ್ತದೆ.

ಹಾಗೆ ಕೇಳಿದ್ದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಈ ಮಹಾರಾಯ ಎರಡು ವರ್ಷದಿಂದ ಬಿಡುವು ಸಿಕ್ಕಾಗಲೆಲ್ಲ ಕ್ಯಾಮೆರಾ ಹೆಗಲಿಗೇರಿಸಿ ಸುತ್ತುತ್ತಿದ್ದ. ಮೊದಲು ಸ್ವಂತ ಚಾನೆಲ್ ಮಾಡಿದ. ಚಂದಾದಾರರು ಹನ್ನೊಂದು ಜನ. ಅದರಲ್ಲಿ ಏಳು ಮಂದಿ ಹೆಂಡತಿಯ ಕಡೆಯವರು, ದಾಕ್ಷಿಣ್ಯಕ್ಕೆ ಸೇರಿದವರು. ಆಮೇಲೆ ಬಿಡಿ ದೃಶ್ಯಗಳನ್ನು ಮಾರಿಕೊಡುವ ಜಾಲತಾಣವೊಂದಕ್ಕೆ ಕಳಿಸತೊಡಗಿದ. ಸೇತುವೆ ವಾಪಸ್ ಬಂತು: 'ಅಲುಗಾಡಿದೆ'. ಪಾರಿವಾಳ ವಾಪಸ್ ಬಂತು: 'ಮಸುಕಾಗಿದೆ'. ಸೂರ್ಯಾಸ್ತಕ್ಕಂತೂ 'ಇಂಥದ್ದು ನಮ್ಮಲ್ಲಿ ಬೇಕಾದಷ್ಟಿದೆ' ಎಂಬ ಉತ್ತರ. ಭಾವಮೈದ ಬಂದಾಗಲೆಲ್ಲ "ಡೈರೆಕ್ಟರ್ ಸಾಹೇಬ್ರು ಹೇಗಿದೀರಾ?" ಎಂದು ಕೇಳುತ್ತಿದ್ದ, ಇವನು ಹಲ್ಲು ಕಿರಿದು ಒಳಗೊಳಗೇ ಕುದಿಯುತ್ತಿದ್ದ. ಈಗ ಮೊಟ್ಟಮೊದಲ ಸಲ ಯಾರೋ ಜಾಹೀರಾತಿನವರು ಒಂದು ದೃಶ್ಯ ಆರಿಸಿದ್ದರು. ಅದರಲ್ಲಿ ಮುಖ ಕಾಣುವವರ ಒಪ್ಪಿಗೆ ಪತ್ರ ಐದರೊಳಗೆ ತಲುಪದಿದ್ದರೆ ಬೇರೆಯವರದ್ದನ್ನು ಕೊಳ್ಳುವುದಾಗಿ ಹೇಳಿದ್ದರು. ಮುಖ ಹೆಂಡತಿಯದು.

"ನನ್ನನ್ನ ಯಾವಾಗ ತೆಗೆದ್ರಿ?"

"ಮೊನ್ನೆ ನೀನು ಅಂಗಡಿ ಕಿಟಕಿ ಹತ್ರ ಕೂತಿದ್ದೆ ನೋಡು, ಆಗ. ಏನು ನೋಟ ಅಂತೀಯಾ! ನೀನು ಈ ಲೋಕದಲ್ಲೇ ಇರ್ಲಿಲ್ಲ. ಹಾಕು, ಹಾಕು, ಇಲ್ಲಿ ಸಹಿ ಹಾಕು."

ಅವಳು ಕೈಯೊರೆಸಿಕೊಂಡು ಹಾಳೆಯನ್ನು ಮೂಗಿನ ಹತ್ತಿರ ತಂದಳು, ಕೈ ಚಾಚಿ ದೂರ ಹಿಡಿದಳು, ಮತ್ತೆ ಹತ್ತಿರ ತಂದಳು. "ಓದದೆ ನಾನು ಯಾವುದಕ್ಕೂ ಸಹಿ ಹಾಕಲ್ಲ. ಓದೋಣ ಅಂದ್ರೆ ಕಣ್ಣು ಕಾಣಲ್ಲ."

"ನಾನೇ ಓದಿ ಹೇಳ್ತೀನಿ."

"ಬೇಡಪ್ಪಾ ಬೇಡ. ಪವರ್ ಬದಲಾಗಿದೆ, ಒಂದ್ಸಲ ಕಣ್ಣು ನೋಡಿ ಅಂತ ಆರು ತಿಂಗಳಿಂದ ಬಡ್ಕೋತಾ ಇದೀನಿ. ನಾಳೆ, ನಾಳೆ. ಈಗ ನೋಡಿ."

ಗಂಟೆ ನಾಲ್ಕೂಕಾಲು. ಬೇರೆ ದಾರಿಯೇ ಇರಲಿಲ್ಲ. ಅಂಗಡಿಗೆ ಕರೆತಂದು, ದಿನಕ್ಕೆ ಹತ್ತು ಜನರನ್ನು ಕೂರಿಸುವ ಕುರ್ಚಿಯಲ್ಲಿ ಅವಳನ್ನೂ ಕೂರಿಸಿದ. ಪರೀಕ್ಷೆಯ ದುಂಡು ಫ್ರೇಮನ್ನು ಮೂಗಿನ ಮೇಲಿಟ್ಟು, ಗೋಡೆಯ ಅಕ್ಷರದ ಬೋರ್ಡು ತೋರಿಸಿದ. ಅದರ ಮೊದಲ ಸಾಲು ಎಂಥವರಿಗೂ ಕಾಣುವಂಥದ್ದು. ಅವಳು ಮೂರನೆಯದರಲ್ಲೇ ತಡವರಿಸಿದಳು. ಇವನಿಗೆ ಒಳಗೇ ಪಿಚ್ಚೆನಿಸಿತು. ಆದರೆ ಗಡಿಯಾರ ನಿಲ್ಲಬೇಕಲ್ಲ!

"ಇದು ಚೆನ್ನಾಗಿದೆಯಾ, ಇದಾ? ಬೇಗ ಹೇಳೇ."

"ಮೊದಲಿಂದು ಇನ್ನೊಂದ್ಸಲ ಹಾಕಿ. ಗಿರಾಕಿಗಳಿಗೂ ಹೀಗೇ ಅವಸರ ಮಾಡ್ತೀರಾ?"

ಏಳೆಂಟು ಗಾಜು ಬದಲಾದವು. ಒಂದು ಗಾಜು ಕೂತದ್ದೇ ಅವಳು ಕತ್ತು ತಿರುಗಿಸಿ ಬಾಗಿಲಾಚೆ ನೋಡಿದಳು. ಮುಖ ಅರಳಿತು.

"ಅಯ್ಯೋ, ಎದುರುಗಡೆ ಬೋರ್ಡು! 'ಇಲ್ಲಿ ಬೀಗ ರಿಪೇರಿ ಮಾಡಲಾಗುವುದು.' ಮೊನ್ನೆ ಕಿಟಕಿ ಹತ್ರ ಕೂತು ಅರ್ಧ ಗಂಟೆ ಇದನ್ನ ಓದೋಕೇ ಒದ್ದಾಡ್ತಿದ್ದೆ ಕಣ್ರೀ!"

ಗಾಜು ಹಿಡಿದ ಅವನ ಕೈ ಅಲ್ಲೇ ನಿಂತಿತು. ಈ ಲೋಕದಲ್ಲೇ ಇಲ್ಲದ ಆ ನೋಟ ಬೀಗ ರಿಪೇರಿಯ ಅಂಗಡಿಯಲ್ಲಿತ್ತು.

ಹತ್ತಿರದ್ದನ್ನು ಓದುವ ಗಾಜನ್ನೂ ಸೇರಿಸಿ, ಹಾಳೆ ಕೊಟ್ಟ. ಅವಳು ಒಂದೊಂದೇ ಅಕ್ಷರ ಸವಿಯುವಂತೆ ಗಟ್ಟಿಯಾಗಿ ಓದತೊಡಗಿದಳು. "'ದೃಶ್ಯದ ವಿವರ: ವಯಸ್ಸಾದ ಹೆಂಗಸು.' ಓಹೋ! 'ದೂರದ ನೋಟ. ಹಂಬಲ. ಒಂಟಿತನ.' ಏನ್ರೀ ಇದೆಲ್ಲ?"

"ಅದು... ಹುಡುಕೋರಿಗೆ ಸಿಗ್ಲಿ ಅಂತ ನಾವೇ ನಾಲ್ಕು ಪದ ಕೊಡ್ಬೇಕು. ಅದನ್ನ ನೋಡೇ ಅವರು ಆರಿಸಿದ್ದು."

"ಪೆನ್ ಕೊಡಿ."

'ವಯಸ್ಸಾದ' ಎಂಬುದನ್ನು ಎರಡು ಸಲ ಹೊಡೆದು ಹಾಕಿದಳು. "ಹಂಬಲವಂತೆ ಹಂಬಲ, ಬೀಗ ರಿಪೇರಿಯವನಿಗೆ!" ಎಂದು ನಕ್ಕು ಅದನ್ನೂ ಹೊಡೆದಳು. ಪೆನ್ನು 'ಒಂಟಿತನ'ದ ಹತ್ತಿರ ಬಂದು ನಿಂತಿತು. ಅವಳ ನಗು ಸ್ವಲ್ಪ ಇಳಿಯಿತು.

"ಇದಿರಲಿ ಬಿಡಿ," ಎಂದಳು.

ಅವನು ಬಗ್ಗಿ ಆ ಪದವನ್ನೇ ನೋಡಿದ. ಅಷ್ಟರಲ್ಲಿ ಅವಳು ಕೊನೆಯ ಸಾಲು ಓದುತ್ತಿದ್ದಳು: "'ಚಿತ್ರೀಕರಣದ ವೇಳೆ ನಿಮ್ಮ ಜೊತೆಯಲ್ಲಿದ್ದವರು. ಯಾರೂ ಇಲ್ಲದಿದ್ದರೆ ಹಾಗೆಂದು ಬರೆಯಿರಿ.'"

"ನಾನಿದ್ದೆನಲ್ಲೇ!" ಎಂದ ಅವನು ಆಸೆಯಿಂದ. "ನಾಲ್ಕೇ ಅಡಿ ದೂರದಲ್ಲಿ. ನನ್ನ ಹೆಸರು ಬರಿ."

"ಹೌದಾ?" ಅವಳು ದುಂಡು ಗಾಜುಗಳೊಳಗಿನಿಂದ ಅವನನ್ನೇ ಸ್ವಲ್ಪ ಹೊತ್ತು ನೋಡಿದಳು. "ನಂಗೆ ಕಾಣಿಸ್ಲೇ ಇಲ್ಲ ನೋಡಿ."

ಬರೆದು, ಕೆಳಗೆ ಸಹಿ ಹಾಕಿ, ಹಾಳೆಯನ್ನು ಅವನ ಕೈಗಿತ್ತಳು. "ಕಳಿಸಿ. ಐದಕ್ಕೆ ಇನ್ನೂ ಹತ್ತು ನಿಮಿಷ ಇದೆ."

ಅವನು ಹಾಳೆ ನೋಡಿದ. 'ಯಾರೂ ಇಲ್ಲ' ಎಂದಿತ್ತು, ಗೋಡೆಯ ಬೋರ್ಡಿನ ಮೊದಲ ಸಾಲಿನಷ್ಟು ದಪ್ಪ ಅಕ್ಷರದಲ್ಲಿ.