ನೀಲಿ ಕೋಣೆಯ ತಳಿ

ನೀಲಿ ಬೆಳಕು. ಕಿಟಕಿಯಿಲ್ಲದ, ಗೂಡಿನಷ್ಟು ಕೋಣೆ. ಕಪಾಟಿನಲ್ಲಿ ಹನ್ನೆರಡು ಬಾಟಲಿ ಪಾಚಿನೀರು. ಪುಟ್ಟ ಪಂಪೊಂದು ಕೋಣೆಯ ಗಾಳಿಯನ್ನೇ ಹೀರಿ ಬಾಟಲಿಗಳೊಳಗೆ ಗುಳ್ಳೆಯಾಗಿ ಬಿಡುತ್ತಿದೆ. ಎದುರಿನ ಸ್ಟೂಲಿನ ಮೇಲೆ, ಬಾಗಿಲಿಗೆ ಓರೆಯಾಗಿ, ಹೆಗಲಿಗೆ ಟವೆಲು ಹಾಕಿದ ಕಾವಲುಗಾರ ನಂಜಪ್ಪ.

ಬಾಗಿಲ ಗಾಜಿನಾಚೆ ನಿಂತ ಸಂಶೋಧಕಿ ಸ್ನೇಹಲತಾ ಅವನ ಕೈಗಳನ್ನೇ ನೋಡುತ್ತಿದ್ದಳು.

ಸಾಲಗಾಮೆ ರಸ್ತೆಯ ಆ ಪ್ರಯೋಗಾಲಯದಲ್ಲಿ ಕೆಂಪು, ಹಸಿರು, ನೀಲಿ ಬೆಳಕಿನ ಮೂರು ಕೋಣೆಗಳು. ಒಂದೇ ಪಾಚಿಯನ್ನು ಮೂರರಲ್ಲೂ ಇಟ್ಟು, ವಾರಕ್ಕೊಮ್ಮೆ ದಟ್ಟವಾದದ್ದನ್ನು ಉಳಿಸಿ ತೆಳುವಾದದ್ದನ್ನು ಚೆಲ್ಲುವುದು. ಹೆಚ್ಚು ಇಳುವರಿಯ ತಳಿಯನ್ನು ಬೆಳಕೇ ಆರಿಸಿಕೊಡಬೇಕು. ಹನ್ನೊಂದು ತಿಂಗಳಲ್ಲಿ ನೀಲಿಯ ಇಳುವರಿ ಇಮ್ಮಡಿಯಾಗಿತ್ತು. ಸೋಮವಾರ ವರದಿ ಹೋಗಬೇಕು. ಅವಳ ಕೆಲಸ ಉಳಿಯುವುದು ಅದರಿಂದ.

ಆದರೆ ಹೋದ ತಿಂಗಳು, ಹೆಂಡತಿಯ ವರ್ಷದ ತಿಥಿಗೆಂದು ನಂಜಪ್ಪ ಕೊಣನೂರಿಗೆ ಹೋದ ವಾರ, ನೀಲಿ ಬಾಟಲಿಗಳು ಸೊರಗಿದ್ದವು.

'ದಿನಾ ಆ ರೂಮ್ನಾಗೇ ಇರ್ತಾನೆ, ತ್ವಾಟ ಅನ್ಕಂಡವ್ನೆ ಮೇಡಂ, ಗೊಬ್ರ ಆಕ್ತಾನೆ,' ಎಂದು ಸಹಾಯಕ ಶಶಿಕುಮಾರ್ ನಕ್ಕಿದ್ದ. ಅವಳು ನಗಲಿಲ್ಲ. ದಿನವೂ ಬೆಳಿಗ್ಗೆ ಏಳಕ್ಕೆ, ನಂಜಪ್ಪ ಬರುವ ಮುನ್ನ, ಮೂರೂ ಕೋಣೆಗಳ ಮೀಟರು ನೋಡಿ ಬರೆದಿಟ್ಟವಳು ಅವಳು. ಶಾಖ ಒಂದೇ, ಗಾಳಿ ಒಂದೇ. ಬೇರೆಯಿದ್ದದ್ದು ಬೆಳಕು ಮಾತ್ರ.

ಈಗ ಗಾಜಿನಾಚೆ ನಿಂತೇ ಒಂದು ಗಂಟೆ ಕಳೆಯಿತು. ಅವನ ಕೈ ಮಡಿಲಿನಿಂದ ಏಳಲಿಲ್ಲ, ತುಟಿಗಳಷ್ಟೇ ಅಲುಗುತ್ತಿದ್ದವು. ಅವಳು ಒಳಗೆ ಬಂದಳು.

'ಇದಕ್ಕೆ ಏನು ಹಾಕ್ತೀರಿ ನಂಜಪ್ಪನವರೇ?'

'ಏನೂ ಆಕಾಕಿಲ್ಲ ಕಣವ್ವಾ.' ಅವನು ಎದ್ದು ನಿಂತ. 'ನಮ್ ಲಕ್ಕಮ್ಮ ಮಲಗಿದ್ ರೂಮ್ನಾಗೆ ಇಂಗೇ ನೀಲಿ ಜೀರೋ ಬಲ್ಬು. ನಾಕ್ ವರ್ಸ ಅವಳ ತಾವೇ ಕುಂತಿದ್ದೆ. ಇಲ್ಲಿ ಮಾತಾಡಿದ್ರೆ ಕೇಳುಸ್ಕತ್ತಾಳೆ ಅನ್ನುಸ್ತದೆ. ಉಂಡ್ಕಂಡು ಬಂದು, ಬಾಗ್ಲಾಕ್ಕಂಡು, ಸಂಜೆಗಂಟ ಕುಂತಿರ್ತೀನಿ. ಬ್ಯಾಡ ಅಂದ್ರೆ ಬರಾಕಿಲ್ಲ.'

ಬಾಟಲಿಗಳನ್ನು ಯಾರೂ ಮುಟ್ಟಿಲ್ಲ. ವರದಿ ಉಳಿಯಿತು. ಇನ್ನು ಮುಂದೆ ಗೇಟಿನ ಬಳಿಯೇ ಕೂರಬೇಕೆಂದು ಅವಳು ಮೆಲ್ಲಗೆ ಹೇಳಿದಳು. ನಂಜಪ್ಪ ಸ್ಟೂಲನ್ನು ಗೋಡೆಗೆ ಒರಗಿಸಿದ.

'ಬತ್ತೀನಿ ಕಣಮ್ಮಿ,' ಎಂದ. ಸ್ನೇಹಲತಾಳಿಗಲ್ಲ.

ಹಗುರಾದ ಮನಸ್ಸಿನಿಂದ ಅವಳು ಗೋಡೆಯತ್ತ ತಿರುಗಿದಳು. ಮಧ್ಯಾಹ್ನದ ಹೊತ್ತು ಅವಳೆಂದೂ ನೋಡಿರದ ಮೀಟರು. ಪಾಚಿಯ ಆಹಾರವಾದ ಇಂಗಾಲದ ಡೈಆಕ್ಸೈಡ್, ಬೆಳಿಗ್ಗೆ ನಾನೂರಿದ್ದದ್ದು, ಈಗ ಎರಡು ಸಾವಿರ. ಬೆಳಕು ಏನನ್ನೂ ಆರಿಸಿರಲಿಲ್ಲ. ಹನ್ನೊಂದು ತಿಂಗಳು ಆ ಬಾಟಲಿಗಳು ಉಂಡು ಬೆಳೆದದ್ದು, ಮುಚ್ಚಿದ ಕೋಣೆಯಲ್ಲಿ ಹೆಂಡತಿಯೊಡನೆ ಮಾತಾಡುತ್ತಿದ್ದವನ ಉಸಿರನ್ನು.

ಕರೆಯಲೆಂದು ತಿರುಗಿದಳು. ಅವನ ಹಿಂದೆ ಬಾಗಿಲು ಮುಚ್ಚಿಕೊಂಡಿತು.