ಶುದ್ಧ ಸೋಡ

ಇಂಗ್ಲಿಷರ ದಂಡು ಬೀಡುಬಿಟ್ಟಿದ್ದ ಆ ಊರಿನ ಛತ್ರದ ಗೋಡೆಗೆ ‘ಬ್ರಾಹ್ಮಣರ ಕೈಯಿಂದಲೇ ತುಂಬಿಸಿದ ಶುದ್ಧ ಸೋಡ’ ಎಂಬ ಅಚ್ಚಿನ ಪ್ರಕಟಣೆ ಅಂಟಿದಂದಿನಿಂದ ಶಾಸ್ತ್ರಿಗಳಿಗೆ ಒಂದೇ ಅನುಮಾನ. ಕುಡಿಯಬಹುದೋ ಬಾರದೋ ಎಂದು ಅಗ್ರಹಾರವೆಲ್ಲ ಅವರ ಮಾತಿಗೆ ಕಾದಿತ್ತು. ಒಂದು ದಿನ ಅವರು ಹೇಳದೆ ಕೇಳದೆ ಸೋಡ ಕಾರ್ಖಾನೆಗೇ ನುಗ್ಗಿದರು.

“ನೀರು ಎಲ್ಲಿಯದು?”

“ನಮ್ಮ ಮನೆ ಬಾವಿಯದೇ, ಶಾಸ್ತ್ರಿಗಳೇ,” ಎಂದರು ಮಾಲೀಕರಾದ ಭಟ್ಟರು.

“ಸೇದುವವರು?”

“ನಾನೇ. ಮಡಿಯುಟ್ಟು.”

“ಯಂತ್ರ ತಿರುಗಿಸುವವನು?”

ಮೂಲೆಯಲ್ಲಿದ್ದವನು ಜನಿವಾರ ಎತ್ತಿ ತೋರಿಸಿದ.

“ಮೂರು ಕಾಸಿಗೆ ಜನಿವಾರ ಸಿಗುವ ಕಾಲ ಇದು!” ಎಂದು ಗದರಿಸಿ ಅವನ ಗೋತ್ರ ಕೇಳಿದರು, ಪ್ರವರ ಹೇಳಿಸಿದರು. ಎಲ್ಲಿಯೂ ಕೊಂಕು ಸಿಗಲಿಲ್ಲ.

ಕೊನೆಗೆ ಒಂದು ಬಾಟಲಿ ಸೋಡ ಒಡೆಸಿ, ಎಂಜಲಾಗಬಾರದೆಂದು ತುಟಿಗೆ ತಾಗಿಸದೆ ಎತ್ತಿ ಗಟಗಟನೆ ಕುಡಿದರು. ಹೊಟ್ಟೆಯಾಳದಿಂದ ತೇಗು ಬಂತು.

“ನಮ್ಮ ಒಪ್ಪಿಗೆ ಇದೆ ಅಂತ ನಾಳೆಯೇ ಅಚ್ಚು ಹಾಕಿಸಿ, ಭಟ್ಟರೇ.”

ಅಷ್ಟರಲ್ಲಿ ಬಾಗಿಲ ಮುಂದೆ ಗಾಡಿಯೊಂದು ಗಲಗಲ ಸದ್ದು ಮಾಡುತ್ತ ಬಂದು ನಿಂತಿತು.

“ಸ್ವಾಮೀ,” ಎಂದು ಗಾಡಿಯವನು ಕೂಗಿದ, “ದಂಡಿನ ಸೋಲ್ಜರುಗಳು ಕುಡಿದಿಟ್ಟ ಬಾಟಲಿ ಎಲ್ಲಾ ತಂದಿವ್ನಿ. ದಿನಾ ಮಾಡೋ ಹಂಗೆ ಮತ್ತೆ ತುಂಬೋಕೆ ಒಳಕ್ಕೆ ಇಡ್ಲಾ?”